ವಂಗಭಾಷಾಭಿಮಾನವೂ ನೆರೆನುಡಿಗಳ ನ್ಯಾಯವೂ

ಬಂಗಾಳಿಗಳ ಭಾಷಾಭಿಮಾನವನ್ನು ಕೊಂಡಾಡುವುದು ಕನ್ನಡ ನಾಡಿನ ಸಾಹಿತ್ಯ ಸಭೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆಯಾಗಿದೆ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದಂದಿನಿಂದ ವಂಗದೇಶವೆಂದರೆ ಇಲ್ಲಿಯ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಬಗೆಯ ಪೂಜ್ಯಭಾವವು ನೆಲೆಗೊಂಡಿದೆ. ಆ ಗೌರವವು ಅಪಾತ್ರದಲ್ಲಿ ಸಲ್ಲಿಸಿದುದಲ್ಲ. ೧೮೯೩ರಲ್ಲಿ ಹುಟ್ಟಿ ಮರುವರ್ಷವೇ ಬಂಗೀಯ ಸಾಹಿತ್ಯ ಪರಿಷತ್ತೆಂಬ ಹೆಸರನ್ನು ತಳೆದ ಸಂಸ್ಥೆಯೇನು, ೧೯೦೫ರ ವಂಗಭಂಗವನ್ನು ೧೯೧೧ರಲ್ಲಿ ಹಿಂತೆಗೆಯುವಂತೆ ಮಾಡಿದ ಜನಶಕ್ತಿಯೇನು, ೧೯೫೨ರ ಫೆಬ್ರುವರಿ ೨೧ರಂದು ಢಾಕಾ ನಗರದಲ್ಲಿ ಗುಂಡಿಗೆ ಎದೆಯೊಡ್ಡಿದ ತರುಣರ ತ್ಯಾಗವೇನು, ಇವೆಲ್ಲವೂ ಯಾವ ನಾಡಿಗಾದರೂ ಹೆಮ್ಮೆ ತರತಕ್ಕ ಸಂಗತಿಗಳೇ ಸರಿ.

ಆದರೆ ಈ ಸ್ತುತಿಯಲ್ಲಿ ಒಂದು ಕುಂದಿದೆ. ಬಂಗಾಳಿಗಳು ತಮ್ಮ ನುಡಿಗಾಗಿ ಏನು ಮಾಡಿದರೆಂಬುದನ್ನು ಎಲ್ಲರೂ ಹೇಳುತ್ತಾರೆ. ಆ ನುಡಿಯ ನೆರಳಿನಲ್ಲಿ ಬಾಳುವ ಚಿಕ್ಕ ನುಡಿಗಳಿಗೆ ಅವರೇನು ಮಾಡಿದರೆಂಬುದನ್ನು ಹೇಳುವವರು ವಿರಳ. ಒಂದೇ ತತ್ತ್ವದ ಒಂದರ್ಧವನ್ನು ಅಂಗೀಕರಿಸಿ ಮತ್ತೊಂದರ್ಧವನ್ನು ತ್ಯಜಿಸುವುದಕ್ಕೆ ಶಾಸ್ತ್ರಕಾರರು ಅರ್ಧಜರತೀಯ ನ್ಯಾಯವೆಂದು ಹೆಸರಿಟ್ಟಿದ್ದಾರೆ. ಮಾತೃಭಾಷೆಯ ಹಕ್ಕು ತನಗೆ ಬೇಕು, ನೆರೆಯವನಿಗೆ ಬೇಡ ಎಂಬ ವಾದವು ಈ ನ್ಯಾಯಕ್ಕೆ ಉತ್ತಮವಾದ ಉದಾಹರಣೆ. ಬಂಗಾಳದ ಇತಿಹಾಸವನ್ನು ಪೂರ್ತಿಯಾಗಿ ಓದಿದವರಿಗೆ ಕಾಣುವುದು ಇದು: ಆ ಜನರಿಂದ ಕಲಿಯತಕ್ಕ ಪಾಠಗಳು ಎರಡು; ಒಂದು ಅವರ ಪರಾಕ್ರಮದಿಂದ, ಇನ್ನೊಂದು ಅವರ ಪ್ರಮಾದದಿಂದ. ಮೊದಲನೆಯದನ್ನು ಮಾತ್ರ ಕಲಿತವರು ಅಪಾಯಕಾರಿಗಳಾಗುತ್ತಾರೆ.

ಮೊದಲು ಒರಿಸ್ಸಾದ ಕಥೆಯನ್ನು ನೋಡಬಹುದು. ೧೮೬೦ರ ದಶಕದ ಕೊನೆಯಲ್ಲಿ ರಾಜೇಂದ್ರಲಾಲ ಮಿತ್ರರಂಥ ಘನವಿದ್ವಾಂಸರು ಕಟಕದ ಸಭೆಯೊಂದರಲ್ಲಿ, ಒರಿಯಾ ನುಡಿಯುವವರ ಸಂಖ್ಯೆ ಅಲ್ಪವಾದುದರಿಂದ ಅವರಿಗೆ ಬೇರೆ ಪಠ್ಯಪುಸ್ತಕಗಳು ನಡೆಯಲಾರವು, ಬಂಗಾಳಿಯನ್ನು ಕಲಿತರೆ ಅವರ ಏಳಿಗೆಯಾದೀತು ಎಂಬರ್ಥದ ಮಾತುಗಳನ್ನಾಡಿದರು. ಇವರೇ ಮುಂದೆ ಒರಿಸ್ಸಾದ ಪ್ರಾಚೀನ ದೇಗುಲಗಳ ವಿಷಯವಾಗಿ ಮಹಾಗ್ರಂಥವನ್ನು ಬರೆದವರು. ಆ ನಾಡಿನ ಕಲ್ಲುಗಳ ಮೇಲಿದ್ದ ಪ್ರೀತಿ ಆ ನಾಡಿನ ಮಾತಿನ ಮೇಲೆ ಇರಲಿಲ್ಲವೆಂಬುದು ಸೋಜಿಗ. ೧೮೭೦ರಲ್ಲಿ ಬಾಲೇಶ್ವರದ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಕಾಂತಿಚಂದ್ರ ಭಟ್ಟಾಚಾರ್ಯರು, ಒರಿಯಾ ಸ್ವತಂತ್ರ ಭಾಷೆಯೇ ಅಲ್ಲವೆಂದು ಸಾಧಿಸಲು ಒಂದು ಪುಸ್ತಿಕೆಯನ್ನೇ ಪ್ರಕಟಿಸಿದರು. ಯಾವ ಮಕ್ಕಳ ಅನ್ನವನ್ನು ಉಂಡರೋ ಆ ಮಕ್ಕಳ ತಾಯ್ನುಡಿಯನ್ನು ನುಡಿಯೇ ಅಲ್ಲವೆಂದು ಉಪಾಧ್ಯಾಯನೊಬ್ಬನು ಬರೆಯುವುದಕ್ಕಿಂತ ಹೆಚ್ಚಿನ ವಿದ್ಯಾದ್ರೋಹ ಯಾವುದಿದ್ದೀತು? ಫಕೀರಮೋಹನ ಸೇನಾಪತಿ, ಗೌರೀಶಂಕರ ರಾಯ್ ಮೊದಲಾದವರು ಪತ್ರಿಕೆಗಳಿಂದಲೂ ಪುಸ್ತಕಗಳಿಂದಲೂ ಎದುರು ನಿಂತರು; ನುಡಿ ಉಳಿಯಿತು; ೧೯೩೬ರ ಏಪ್ರಿಲ್ ೧ರಂದು ಒರಿಸ್ಸಾ ಪ್ರತ್ಯೇಕ ಪ್ರಾಂತವಾಯಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬಂಗಾಳಿ ಮನೆತನದಲ್ಲಿ ಹುಟ್ಟಿ ಮೊದಲು ಬಂಗಾಳಿಯಲ್ಲಿಯೇ ಕವಿತೆ ಬರೆದ ರಾಧಾನಾಥ ರಾಯರು ಒರಿಯಾ ಕಾವ್ಯದ ಹೊಸಯುಗಕ್ಕೆ ಮೂಲಪುರುಷರಾದರು. ದಬ್ಬಾಳಿಕೆಯ ದಾರಿಯೊಂದೇ ಇತ್ತೆಂದು ಯಾರೂ ಹೇಳುವ ಹಾಗಿಲ್ಲ. ಅದೇ ಊರಿನ ಸುತ್ತಿನಲ್ಲಿ ಸ್ನೇಹದ ದಾರಿಯೂ ತೆರೆದೇ ಇತ್ತು.

ಅಸ್ಸಾಮಿನ ಕಥೆ ಇದಕ್ಕಿಂತ ಕಹಿಯಾದುದು. ೧೮೩೦ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳು ಅಲ್ಲಿಯ ನ್ಯಾಯಾಲಯಗಳಲ್ಲಿಯೂ ಶಾಲೆಗಳಲ್ಲಿಯೂ ಬಂಗಾಳಿಯನ್ನು ಸ್ಥಾಪಿಸಿದರು. ಅಸ್ಸಾಮೀ ಎಂಬುದು ಬಂಗಾಳಿಯ ಅಪಭ್ರಷ್ಟ ರೂಪವೆಂಬ ನಂಬಿಕೆ ಆ ವ್ಯವಸ್ಥೆಗೆ ಆಧಾರವಾಯಿತು. ಆನಂದರಾಮ ಢೇಕಿಯಾಲ್ ಫುಕನ್ ಎಂಬ ತರುಣ ಪಂಡಿತರು ೧೮೫೫ರಲ್ಲಿ ಆ ನಂಬಿಕೆಯನ್ನು ಖಂಡಿಸಿ ಲೇಖನ ಬರೆದರು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳು ೧೮೪೬ರಿಂದ ‘ಅರುಣೋದಯ’ ಪತ್ರಿಕೆಯನ್ನು ಅಸ್ಸಾಮೀಯಲ್ಲಿ ನಡೆಯಿಸಿದರು. ೧೮೭೩ರಲ್ಲಿ ಆ ನುಡಿಗೆ ಅದರ ಸ್ಥಾನ ಮರಳಿ ದೊರಕಿತು. ಆಜ್ಞೆ ಹೊರಡಿಸಿದವರು ಬ್ರಿಟಿಷರೆಂಬುದು ನಿಜ. ಆದರೆ ಆ ವ್ಯವಸ್ಥೆಯಿಂದ ಗುಮಾಸ್ತೆಗಿರಿಯ ಲಾಭ ಪಡೆದವರು ಬಂಗಾಳಿಗಳು. ಅಂದು ಬಿತ್ತಿದ ಬೀಜ ಎಂಥ ಫಲ ಕೊಟ್ಟಿತೆಂಬುದು ಮುಂದೆ ತಿಳಿಯುವುದು.

ಈಗ ಢಾಕಾ ನಗರಕ್ಕೆ ಬರಬೇಕು. ೧೯೪೮ರ ಫೆಬ್ರುವರಿಯಲ್ಲಿ ಧೀರೇಂದ್ರನಾಥ ದತ್ತರು ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಬಂಗಾಳಿಗೂ ಸ್ಥಾನ ಬೇಕೆಂದು ಕೇಳಿದರು. ಮಾರ್ಚ್ ೨೧ರಂದು ಮಹಮ್ಮದಾಲಿ ಜಿನ್ನಾ ಅವರು ಢಾಕಾದ ಬಹಿರಂಗ ಸಭೆಯಲ್ಲಿ, ರಾಷ್ಟ್ರಭಾಷೆ ಉರ್ದುವೊಂದೇ, ಬೇರಾವುದೂ ಅಲ್ಲ ಎಂದು ಸಾರಿದರು. ಆ ರಾಷ್ಟ್ರದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ತಾಯ್ನುಡಿ ಬಂಗಾಳಿ! ಅವರ ಮುಂದೆ ಇಟ್ಟ ಕಾರಣಗಳಾವುವು? ರಾಷ್ಟ್ರದ ಐಕ್ಯಕ್ಕೆ ಒಂದೇ ಭಾಷೆ ಬೇಕು. ಬಂಗಾಳಿಯ ಲಿಪಿ ಸರಿಯಲ್ಲ, ಅದನ್ನು ಅರಬ್ಬಿ ಲಿಪಿಗೆ ಬದಲಾಯಿಸಬೇಕು. ಉರ್ದು ಕಲಿತರೆ ಬಂಗಾಳಿಗಳಿಗೇ ಹಿತ. ಬಾಲೇಶ್ವರದಲ್ಲಿಯೂ ಗುವಾಹಾಟಿಯಲ್ಲಿಯೂ ಕೇಳಿಬಂದ ವಾದಗಳೇ ವೇಷ ಬದಲಿಸಿ ಬಂಗಾಳಿಯ ಬಾಗಿಲಿಗೆ ಬಂದು ನಿಂತವು. ೧೯೫೨ರ ಫೆಬ್ರುವರಿ ೨೧ರಂದೂ ಮರುದಿನವೂ ನಡೆದ ಗೋಲೀಬಾರಿಗೆ ಬರ್ಕತ್, ಜಬ್ಬಾರ್, ರಫೀಕ್, ಸಲಾಂ, ಶಫೀಉರ್ ಮೊದಲಾದವರು ಬಲಿಯಾದರು. ೧೯೫೬ರ ಸಂವಿಧಾನದಲ್ಲಿ ಬಂಗಾಳಿಗೆ ಮಾನ್ಯತೆ ದೊರಕಿತು. ಮೊದಲು ಸೊಲ್ಲೆತ್ತಿದ ಧೀರೇಂದ್ರನಾಥರನ್ನು ೧೯೭೧ರ ಮಾರ್ಚಿಯಲ್ಲಿ ಪಾಕಿಸ್ತಾನದ ಸೈನಿಕರು ಮನೆಯಿಂದ ಎಳೆದೊಯ್ದು ಕೊಂದರು.

ಇತ್ತ ಅಸ್ಸಾಮಿನಲ್ಲಿ ಚಕ್ರವು ಒಂದು ಸುತ್ತು ತಿರುಗಿತ್ತು. ಬಂಗಾಳಿಯ ಕೆಳಗೆ ನರಳಿದ್ದ ಅಸ್ಸಾಮೀಯರು ೧೯೬೦ರ ರಾಜಭಾಷಾ ಕಾಯಿದೆಯಿಂದ ತಮ್ಮ ನುಡಿಯನ್ನೇ ರಾಜ್ಯದ ಭಾಷೆಯನ್ನಾಗಿ ಮಾಡಿಕೊಂಡರು. ಬರಾಕ್ ಕಣಿವೆಯ ಬಂಗಾಳಿಗಳು ಸತ್ಯಾಗ್ರಹ ಹೂಡಿದರು. ೧೯೬೧ರ ಮೇ ೧೯ರಂದು ಸಿಲ್ಚರಿನ ರೈಲ್ವೆ ನಿಲ್ದಾಣದಲ್ಲಿ ಪೋಲೀಸರ ಗುಂಡಿಗೆ ೧೧ ಮಂದಿ ಬಲಿಯಾದರು. ಅವರಲ್ಲೊಬ್ಬಳು ಕಮಲಾ ಭಟ್ಟಾಚಾರ್ಯ. ಸಿಲ್ಹೆಟ್ಟಿನಿಂದ ನೆಲೆ ತಪ್ಪಿ ಬಂದ ಬಡಕುಟುಂಬದ ಹುಡುಗಿ, ಆಗತಾನೆ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತಿದ್ದವಳು. ಅಜ್ಜಂದಿರ ಕಾಲದ ಅನ್ಯಾಯದ ಲೆಕ್ಕವನ್ನು ಮೊಮ್ಮಕ್ಕಳ ರಕ್ತದಿಂದ ತೀರಿಸುವುದು ಯಾವ ಧರ್ಮ? ಪೀಡಿತನು ಅಧಿಕಾರ ಬಂದೊಡನೆ ಪೀಡಕನಾಗುವನೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಇಷ್ಟು ಕಂಡ ಮೇಲಾದರೂ ಬಂಗಾಳಿಗಳು ಅಧಿಕಾರ ಬಂದಾಗ ಬೇರೆ ರೀತಿಯಲ್ಲಿ ನಡೆದುಕೊಂಡರೇ? ೧೯೭೧ರಲ್ಲಿ ಬಾಂಗ್ಲಾದೇಶವು ಸ್ವತಂತ್ರವಾಯಿತು. ೧೯೭೨ರಲ್ಲಿ ಸಂವಿಧಾನವನ್ನು ರಚಿಸುವಾಗ, ಆ ದೇಶದ ಪ್ರಜೆಗಳೆಲ್ಲರೂ ಬಂಗಾಳಿಗಳೆಂದು ಕರೆಯಲ್ಪಡತಕ್ಕದ್ದು ಎಂಬ ವಿಧಿಯನ್ನು ಸೇರಿಸಲಾಯಿತು. ಚಟ್ಟಗ್ರಾಮದ ಗುಡ್ಡಗಾಡಿನ ಪ್ರತಿನಿಧಿ ಮಾನವೇಂದ್ರ ನಾರಾಯಣ ಲಾರ್ಮಾ ಅವರು ಎದ್ದು ನಿಂತು, ತಾನು ಚಕ್ಮಾ ಜನಾಂಗದವನು, ಬಂಗಾಳಿಯಲ್ಲ, ಬಾಂಗ್ಲಾದೇಶದ ಪ್ರಜೆಯಾಗಿರಲು ಬಂಗಾಳಿಯಾಗಬೇಕೇಕೆ ಎಂದು ಕೇಳಿದರು. ಉತ್ತರ ದೊರೆಯದೆ ಅಕ್ಟೋಬರ್ ೩೧ರಂದು ಸಭಾತ್ಯಾಗ ಮಾಡಿದರು. ಅವರ ಜನರು ಅದಾಗಲೇ ಕಪ್ತಾಯಿ ಅಣೆಕಟ್ಟಿನ ನೀರಿನಲ್ಲಿ ತಮ್ಮ ಸಾಗುವಳಿಯ ಭೂಮಿಯ ಸುಮಾರು ಶೇಕಡ ೪೦ ಭಾಗವನ್ನು ಕಳೆದುಕೊಂಡು ಸುಮಾರು ಒಂದು ಲಕ್ಷ ಮಂದಿ ನಿರ್ಗತಿಕರಾಗಿದ್ದವರು. ಭೂಮಿ ಹೋದವರಿಗೆ ಹೆಸರೂ ಇಲ್ಲವೆಂದರೆ ಉಳಿಯುವುದೇನು? ಅಲ್ಲಿಂದ ಮುಂದೆ ಎರಡು ದಶಕಗಳ ಕಾಲ ಆ ಗುಡ್ಡಗಳಲ್ಲಿ ರಕ್ತ ಹರಿಯಿತು. ೧೯೯೭ರ ಡಿಸೆಂಬರ್ ೨ರಂದು ಒಪ್ಪಂದವಾಗುವವರೆಗೆ ಬಂದೂಕು ಕೆಳಗಿಳಿಯಲಿಲ್ಲ. ಉರ್ದುವೊಂದೇ ಎಂದ ಮಾತಿಗೆ ಪ್ರಾಣ ಕೊಟ್ಟು ಪ್ರತ್ಯುತ್ತರವಿತ್ತ ಜನರು, ಇಪ್ಪತ್ತೇ ವರ್ಷಗಳಲ್ಲಿ ಬಂಗಾಳಿಯೊಂದೇ ಎಂಬ ವಿಧಿಯನ್ನು ಬರೆದರು. ತರ್ಕಶಾಸ್ತ್ರದಲ್ಲಿ ಇದಕ್ಕೆ ವದತೋವ್ಯಾಘಾತವೆನ್ನುತ್ತಾರೆ: ಆಡಿದ ಮಾತೇ ಆಡಿದವನನ್ನು ಹೊಡೆಯುವುದು.

ಪಶ್ಚಿಮ ಬಂಗಾಳದಲ್ಲಿ ವಿಷಯವು ಇಷ್ಟು ಘೋರವಾಗಲಿಲ್ಲ. ೧೯೬೧ರ ಕಾಯಿದೆಯಲ್ಲಿಯೇ ಡಾರ್ಜಿಲಿಂಗಿನ ಗುಡ್ಡಪ್ರದೇಶಕ್ಕೆ ನೇಪಾಳಿಯನ್ನು ಆಡಳಿತ ಭಾಷೆಯಾಗಿ ಒಪ್ಪಿದುದು ವಿವೇಕದ ಕಾರ್ಯ. ಆದರೂ ೨೦೧೭ರ ಮೇ ತಿಂಗಳಿನಲ್ಲಿ ರಾಜ್ಯದ ಶಾಲೆಗಳಲ್ಲೆಲ್ಲ ಬಂಗಾಳಿ ಕಡ್ಡಾಯವೆಂಬ ಘೋಷಣೆ ಹೊರಬಿದ್ದಾಗ ಗುಡ್ಡದ ಜನರಲ್ಲಿ ಹಳೆಯ ಭಯ ಮರುಕಳಿಸಿತು. ಗುಡ್ಡಕ್ಕೆ ಅದು ಅನ್ವಯಿಸದೆಂದು ಸರಕಾರವು ಆಮೇಲೆ ತಿಳಿಸಿತು. ಅಷ್ಟರಲ್ಲಿ ಕಿಡಿ ಹತ್ತಿಯಾಗಿತ್ತು. ಪ್ರತ್ಯೇಕ ರಾಜ್ಯದ ಬೇಡಿಕೆ ಮತ್ತೆ ಎದ್ದು, ನೂರು ದಿನಗಳಿಗೂ ಮಿಕ್ಕಿ ಅಂಗಡಿ, ಶಾಲೆ, ಚಹಾ ತೋಟಗಳೆಲ್ಲವೂ ಮುಚ್ಚಿದ್ದವು. ಆತುರದ ಒಂದು ಮಾತಿಗೆ ತೆತ್ತ ಬೆಲೆ ಅದು.

ಇನ್ನು ಕಡಲಾಚೆಯ ಬಂಗಾಳಿಗಳ ವಿಚಾರ. ಲಂಡನ್ನಿನ ಪೂರ್ವಭಾಗದಲ್ಲಿ ನೆಲಸಿರುವ ಬಂಗಾಳಿಗಳಲ್ಲಿ ಬಹುಮಂದಿ ಸಿಲ್ಹೆಟ್ ಸೀಮೆಯವರು. ಹಡಗುಗಳಲ್ಲಿ ಕೂಲಿಗಳಾಗಿ ಹೋದವರ ಹಿಂದೆ ನಂಟರೂ ಊರವರೂ ಹೋಗಿ ಬೆಳೆದ ಸಮಾಜ ಅದು. ೧೯೭೮ರ ಮೇ ೪ರಂದು ಅಲ್ತಾಬ್ ಅಲಿ ಎಂಬ ತರುಣ ಕಾರ್ಮಿಕನನ್ನು ವೈಟ್‌ಚಾಪೆಲ್ಲಿನಲ್ಲಿ ಜನಾಂಗದ್ವೇಷದಿಂದ ಕೊಂದಾಗ, ಸಾವಿರಾರು ಮಂದಿ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಮಂತ್ರಿಯ ನಿವಾಸದವರೆಗೆ ನಡೆದರು. ಆ ಸ್ಥಳದ ಉದ್ಯಾನಕ್ಕೆ ೧೯೯೮ರಲ್ಲಿ ಅವನ ಹೆಸರನ್ನಿಟ್ಟರು. ೧೯೯೯ರಲ್ಲಿ ಢಾಕಾದ ಶಹೀದ್ ಮಿನಾರಿನ ಪ್ರತಿರೂಪವೂ ಅಲ್ಲಿ ಎದ್ದಿತು. ಮೆಚ್ಚತಕ್ಕ ಸಂಘಶಕ್ತಿ! ಆದರೆ ಆ ಮನೆಗಳಲ್ಲಿ ಅಜ್ಜಿಯಂದಿರು ಆಡುವ ಮಾತು ಸಿಲ್ಹೆಟೀ. ತರಗತಿಗಳಲ್ಲಿ ಮಾತೃಭಾಷೆಯೆಂದು ಮಕ್ಕಳಿಗೆ ಕಲಿಸಿದುದು ಪುಸ್ತಕದ ಬಂಗಾಳಿ. ಸಿಲ್ಹೆಟೀ ನಾಗರಿಯೆಂಬ ಸ್ವಂತ ಲಿಪಿಯೂ, ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದರ ಮುದ್ರಣಾಲಯವೂ ಇದ್ದ ನುಡಿಯನ್ನು ಹಳ್ಳಿಗರ ಅಶುದ್ಧ ಬಂಗಾಳಿಯೆಂದು ಹೀಗಳೆಯುವವರು ಇಂದಿಗೂ ಉಂಟು. ಸಿಲ್ಹೆಟೀಗಳಲ್ಲಿ ತಮ್ಮನ್ನು ಬಂಗಾಳಿಗಳೆಂದು ಹೆಮ್ಮೆಯಿಂದ ಕರೆದುಕೊಳ್ಳುವವರು ಬಹಳ ಮಂದಿ ಇದ್ದಾರೆ. ಅದು ಅವರ ಇಚ್ಛೆ, ಅದನ್ನು ಪ್ರಶ್ನಿಸಲು ಯಾರಿಗೂ ಅಧಿಕಾರವಿಲ್ಲ. ಆದರೆ ಮಿನಾರಿನ ಮುಂದೆ ಹೂವಿರಿಸಿ ಮನೆಗೆ ಮರಳಿದ ಮಗುವಿಗೆ, ತನ್ನ ಅಜ್ಜಿಯ ಮಾತು ನಾಚಿಕೆಗೇಡಿನದೆಂಬ ಭಾವನೆ ಹುಟ್ಟುವಂತಾದರೆ ಆ ಹೂವಿನ ಅರ್ಥವೇನು?

ಈ ಕತ್ತಲೆಯ ನಡುವೆ ಒಂದು ದೀಪವೂ ಉರಿಯಿತು. ಅದನ್ನು ಹಚ್ಚಿದವರೂ ಬಂಗಾಳಿಗಳೇ. ಕೆನಡಾದ ವ್ಯಾಂಕೂವರಿನಲ್ಲಿ ನೆಲಸಿದ್ದ ರಫೀಕುಲ್ ಇಸ್ಲಾಂ ಅವರು ೧೯೯೮ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ಮಹಾಕಾರ್ಯದರ್ಶಿಗೆ ಪತ್ರ ಬರೆದು, ಫೆಬ್ರುವರಿ ೨೧ನ್ನು ಜಗತ್ತಿನ ಎಲ್ಲ ತಾಯ್ನುಡಿಗಳ ದಿನವನ್ನಾಗಿ ಸಾರಬೇಕೆಂದು ಬಿನ್ನವಿಸಿದರು. ಅವರೂ ಅಬ್ದುಸ್ ಸಲಾಂ ಅವರೂ ಸೇರಿ ಕಟ್ಟಿದ ಸಂಘದಲ್ಲಿ ಬೇರೆ ಬೇರೆ ನುಡಿಗಳವರು ಸದಸ್ಯರಾಗಿದ್ದರು. ಬಾಂಗ್ಲಾದೇಶದ ಸರಕಾರವು ಅದನ್ನು ಮುಂದಕ್ಕೆ ಒಯ್ದಿತು. ೧೯೯೯ರ ನವೆಂಬರ್ ೧೭ರಂದು ಯುನೆಸ್ಕೋ ಒಪ್ಪಿತು. ಅವರು ಬಂಗಾಳಿ ಭಾಷೆಯ ದಿನವನ್ನು ಕೇಳಲಿಲ್ಲ. ಮಾತೃಭಾಷೆಗಳ ದಿನವನ್ನು ಕೇಳಿದರು. ಇಲ್ಲಿಯೇ ಇಡೀ ವಿಚಾರದ ತಿರುಳಿದೆ. ಸ್ವದೇಶದಲ್ಲಿ ಬಹುಸಂಖ್ಯಾತನಾಗಿದ್ದಾಗ ಕಾಣದ ಸತ್ಯವು, ಪರದೇಶದಲ್ಲಿ ತಾನೇ ಅಲ್ಪಸಂಖ್ಯಾತನಾದಾಗ ಬಂಗಾಳಿಗೆ ಕಂಡಿತು.

ಇಷ್ಟನ್ನು ಕೇಳಿಯೂ ಮೂರು ಆಕ್ಷೇಪಗಳನ್ನು ಎತ್ತುವವರಿದ್ದಾರೆ. ಪೂರ್ವಪಕ್ಷವನ್ನು ಮುಚ್ಚಿಡುವುದು ವಾದಧರ್ಮವಲ್ಲವಾದುದರಿಂದ ಅವುಗಳನ್ನು ಪರೀಕ್ಷಿಸಬೇಕು.

ಚಿಕ್ಕ ನುಡಿಗಳಿಗೆ ಲಿಪಿಯಿಲ್ಲ, ಸಾಹಿತ್ಯವಿಲ್ಲ, ಅವು ಉಪಭಾಷೆಗಳು ಮಾತ್ರ ಎಂಬುದು ಮೊದಲನೆಯ ಆಕ್ಷೇಪ. ಲಿಪಿಯ ಮಾತು ಪ್ರತ್ಯಕ್ಷವಿರುದ್ಧವಾದುದು. ಚಕ್ಮಾ ಭಾಷೆಗೆ ಸ್ವಂತ ಲಿಪಿಯಿದೆ. ಸಂತಾಲಿಗೆ ರಘುನಾಥ ಮುರ್ಮು ಅವರು ೧೯೨೫ರಲ್ಲಿ ಓಲ್ ಚಿಕಿಯನ್ನು ರಚಿಸಿದರು. ಲಿಪಿಯಿಲ್ಲದಿದ್ದರೂ ದೋಷವೇನು? ಮಾತು ಬಾಯಿಯಲ್ಲಿ ಹುಟ್ಟುತ್ತದೆ, ಲೇಖನಿಯಲ್ಲಲ್ಲ. ಸಾಹಿತ್ಯದ ಮಾತಿಗೆ ಬಂದರೆ, ಎರಡು ನೂರು ವರ್ಷಗಳ ಹಿಂದೆ ಬಂಗಾಳದ ಸಂಸ್ಕೃತ ಪಂಡಿತರು ಬಂಗಾಳಿ ಗದ್ಯವನ್ನು ವಿದ್ವತ್ತಿಗೆ ಯೋಗ್ಯವೆಂದು ಎಣಿಸುತ್ತಿರಲಿಲ್ಲ. ನ್ಯಾಯಾಲಯಗಳಲ್ಲಿ ೧೮೩೭ರವರೆಗೆ ಪಾರಸಿಯೇ ಮೆರೆಯಿತು. ಈಶ್ವರಚಂದ್ರ ವಿದ್ಯಾಸಾಗರರಂಥ ಸಂಸ್ಕೃತಜ್ಞರೇ ೧೮೫೫ರಲ್ಲಿ ಮಕ್ಕಳಿಗಾಗಿ ‘ವರ್ಣಪರಿಚಯ’ವನ್ನು ಬರೆಯಲು ಕುಳಿತರು. ಸಂಸ್ಕೃತದ ಕಣ್ಣಿನಲ್ಲಿ ಬಂಗಾಳಿಯೂ ಕನ್ನಡವೂ ಒಂದು ಕಾಲಕ್ಕೆ ಬರಿಯ ದೇಶಭಾಷೆಗಳು. ಅವಕಾಶ ಕೊಟ್ಟ ಮೇಲೆ ಸಾಹಿತ್ಯ ಬೆಳೆಯುತ್ತದೆ. ಸಾಹಿತ್ಯ ಬೆಳೆದ ಮೇಲೆ ಅವಕಾಶವೆಂಬುದು ಈಜು ಬಂದ ಮೇಲೆ ನೀರಿಗಿಳಿ ಎಂದಂತೆ.

ನುಡಿಗಳು ಹಲವಾದರೆ ಐಕ್ಯ ಒಡೆಯುವುದೆಂಬುದು ಎರಡನೆಯ ಆಕ್ಷೇಪ. ಅನುಭವವು ಇದಕ್ಕೆ ತೀರ ವಿರುದ್ಧವಾಗಿದೆ. ಒಂದೇ ನುಡಿಯೆಂದ ಪಾಕಿಸ್ತಾನವು ೧೯೭೧ರಲ್ಲಿ ಎರಡಾಯಿತು. ಒಂದೇ ನುಡಿಯೆಂದ ಅಸ್ಸಾಮಿನಿಂದ ಗುಡ್ಡಗಾಡಿನ ಜನರು ದೂರವಾಗಿ ೧೯೭೨ರಲ್ಲಿ ಮೇಘಾಲಯವೆಂಬ ಬೇರೆ ರಾಜ್ಯವಾಯಿತು. ನುಡಿಭೇದವು ಮನೆಯನ್ನು ಒಡೆಯಿತೆಂಬುದಕ್ಕಿಂತ ನುಡಿಯ ಅವಮಾನವು ಮನೆಯನ್ನು ಒಡೆಯಿತೆನ್ನುವುದೇ ಯಥಾರ್ಥ.

ತಂದೆತಾಯಿಗಳೇ ಮಕ್ಕಳಿಗೆ ದೊಡ್ಡ ಭಾಷೆಯನ್ನು ಬಯಸುತ್ತಾರೆ, ಉದ್ಯೋಗ ಅದರಲ್ಲಿದೆ ಎಂಬುದು ಮೂರನೆಯದು. ಇದರಲ್ಲಿ ಸತ್ಯವಿದೆ. ಚಕ್ಮಾ ಬಾಲಕನಿಗೆ ಬಂಗಾಳಿ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಶಾಲೆಗೆ ಬಂದ ಮೊದಲ ದಿನ ಉಪಾಧ್ಯಾಯನ ಒಂದು ಮಾತೂ ತಿಳಿಯದೆ ಮೂಲೆಯಲ್ಲಿ ಕುಳಿತ ಮಗು, ಭಾಷೆಯನ್ನು ಕಲಿಯುವುದಕ್ಕೆ ಮುಂಚೆ ತಾನು ದಡ್ಡನೆಂಬುದನ್ನು ಕಲಿಯುತ್ತದೆ. ಮೊದಲನೆಯ ತರಗತಿಯಲ್ಲಿ ಪಾಠ ಹೇಳಿದವರೆಲ್ಲರೂ ಬಲ್ಲ ಸಂಗತಿ ಇದು. ಮನೆಯ ಮಾತು ಮೊದಲ ಮೆಟ್ಟಿಲು. ನಾಡಿನ ಮಾತು ಎರಡನೆಯದು. ಮೊದಲನೆಯದನ್ನು ಕಿತ್ತು ಎರಡನೆಯದಕ್ಕೆ ಹತ್ತು ಎನ್ನುವವನು ಏಣಿಯನ್ನೇ ಅರಿಯದವನು. ಬಾಂಗ್ಲಾದೇಶವು ೨೦೧೭ರಲ್ಲಿ ಚಕ್ಮಾ, ಮರ್ಮಾ, ತ್ರಿಪುರಾ, ಗಾರೋ, ಸಾದ್ರಿ ಎಂಬ ಐದು ನುಡಿಗಳಲ್ಲಿ ಎಳೆಯ ಮಕ್ಕಳ ಪುಸ್ತಕಗಳನ್ನು ಅಚ್ಚು ಹಾಕಿಸಿ ಹಂಚಿದುದು ಶ್ಲಾಘ್ಯವಾದ ಆರಂಭ. ಆದರೆ ಅಚ್ಚಾದ ಪುಸ್ತಕವು ತಾನಾಗಿ ಪಾಠ ಹೇಳುವುದಿಲ್ಲ. ಆ ನುಡಿಯನ್ನು ಓದಿಸಬಲ್ಲ ಉಪಾಧ್ಯಾಯನಿಲ್ಲದಿದ್ದರೆ ಅದು ಕಪಾಟಿನ ಅಲಂಕಾರವಷ್ಟೆ.

ಈ ನ್ಯಾಯವು ಬಂಗಾಳಿಗಳಿಗೆ ಪರೋಪಕಾರ ಮಾತ್ರವಲ್ಲ, ಆತ್ಮರಕ್ಷಣೆಯೂ ಹೌದು. ೨೦೨೫ರಲ್ಲಿ ಕೂಲಿಗಾಗಿ ಹೊರರಾಜ್ಯಗಳಿಗೆ ಹೋದ ಪಶ್ಚಿಮ ಬಂಗಾಳದ ಬಡವರು, ಬಂಗಾಳಿ ಮಾತನಾಡಿದ ಮಾತ್ರದಿಂದ ವಿದೇಶೀಯರೆಂಬ ಸಂದೇಹಕ್ಕೆ ಗುರಿಯಾದರೆಂಬ ದೂರುಗಳು ಎದ್ದವು. ಆಡುವ ನುಡಿಯಿಂದ ಮನುಷ್ಯನ ಪೌರತ್ವವನ್ನು ಅಳೆಯಬಾರದೆಂದು ಇಂದು ಕಲ್ಕತ್ತೆಯು ಹೇಳುತ್ತಿರುವುದು ಸರಿಯಾದ ಮಾತು. ಅದೇ ಮಾತನ್ನು ೧೯೭೨ರಲ್ಲಿ ಲಾರ್ಮಾ ಢಾಕಾದಲ್ಲಿ ಹೇಳಿದ್ದರು. ದುರ್ಬಲನ ಪಕ್ಷದಲ್ಲಿ ಸಾರಿದ ನ್ಯಾಯವನ್ನು ಪ್ರಬಲನಾದಾಗ ಮರೆಯದವನ ಕೂಗಿಗೆ ಮಾತ್ರ ಜಗತ್ತು ಕಿವಿಗೊಡುತ್ತದೆ.

ಕನ್ನಡಿಗರಿಗೆ ಇದರಿಂದೇನು ಎನ್ನುವವರು ತಮ್ಮ ಮನೆಯ ಲೆಕ್ಕವನ್ನು ತೆಗೆದು ನೋಡಬೇಕು. ಮುಂಬಯಿ ಪ್ರಾಂತದಲ್ಲಿ ಮರಾಠಿಯ ಮೇಲುಗೈಯಲ್ಲಿ ಕನ್ನಡವು ಸೊರಗಿದಾಗ ೧೮೯೦ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಬೇಕಾಯಿತು. ೧೯೫೬ರ ನವೆಂಬರ್ ೧ರಂದು, ಬಂಗಾಳಿಗಳು ಬಿಹಾರದಿಂದ ಪುರುಲಿಯಾವನ್ನು ಪಡೆದ ದಿನವೇ, ಕನ್ನಡ ನಾಡುಗಳು ಒಂದಾದವು. ಅಂದೇ ಕಾಸರಗೋಡು ಕೈತಪ್ಪಿತು. ಅಲ್ಲಿಯ ಕನ್ನಡದ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ಕನ್ನಡಿಗರು ಕೇಳುವುದು ಧರ್ಮ. ಹಾಗಾದರೆ ೨೦೧೧ರ ಜನಗಣತಿಯಲ್ಲಿ ೧೮ ಲಕ್ಷಕ್ಕೂ ಮಿಕ್ಕಿದ ತುಳುವರೂ, ಲಕ್ಷಕ್ಕೂ ಮಿಕ್ಕಿದ ಕೊಡವ ನುಡಿಯವರೂ ತಮ್ಮ ನುಡಿಗಳಿಗೆ ಶಾಲೆಯಲ್ಲಿಯೂ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿಯೂ ಸ್ಥಾನ ಕೇಳುವಾಗ, ಅವು ಕನ್ನಡದ ಉಪಭಾಷೆಗಳೆಂದು ಮೂಗು ಮುರಿಯುವುದು ಯಾವ ಧರ್ಮ? ಆ ಮಾತನ್ನು ಆಡುವ ಕನ್ನಡಿಗನು ತನಗೆ ತಿಳಿಯದೆಯೇ ಬಾಲೇಶ್ವರದ ಆ ಉಪಾಧ್ಯಾಯನ ಪುಸ್ತಿಕೆಯನ್ನು ಓದುತ್ತಿದ್ದಾನೆ.

ಫೆಬ್ರುವರಿ ೨೧ ಪ್ರತಿವರ್ಷವೂ ಬರುತ್ತದೆ. ಢಾಕಾದಲ್ಲಿ, ಕಲ್ಕತ್ತೆಯಲ್ಲಿ, ಲಂಡನ್ನಿನಲ್ಲಿ ಮಿನಾರುಗಳ ಮುಂದೆ ಹೂವಿನ ರಾಶಿ ಬೀಳುತ್ತದೆ. ಕನ್ನಡ ನಾಡಿನಲ್ಲಿಯೂ ಅಲ್ಲಲ್ಲಿ ಭಾಷಣಗಳು ನಡೆಯುತ್ತವೆ. ಆ ದಿನ ದೊಡ್ಡ ನುಡಿಯ ಸಂಘಗಳು ತಮ್ಮ ವೇದಿಕೆಯನ್ನು ನೆರೆಯ ಚಿಕ್ಕ ನುಡಿಗೆ ಬಿಟ್ಟುಕೊಡಲಿ. ಚಕ್ಮಾದವನೂ, ಸಿಲ್ಹೆಟೀಯವನೂ, ತುಳುವನೂ, ಕೊಡವನೂ ಮಾತನಾಡಲಿ, ದೊಡ್ಡವರು ಕುಳಿತು ಕೇಳಲಿ. ಅಷ್ಟನ್ನು ಮಾಡದವರು ಆ ತರುಣರಿಗೆ ಇರಿಸುವ ಹೂವು ಬರಿಯ ಹೂವು. ಬರ್ಕತ್ತನೂ ಕಮಲೆಯೂ ಪ್ರಾಣ ಕೊಟ್ಟುದು ಒಂದು ನುಡಿ ಗೆಲ್ಲಲೆಂದಲ್ಲ. ಯಾವ ತಾಯಿಯ ನುಡಿಯೂ ಸೋಲಬಾರದೆಂಬುದೇ ಆ ಬಲಿದಾನದ ಸಿದ್ಧಾಂತ. ಅದನ್ನು ಒಪ್ಪದವರಿಗೆ ಅವರ ಹೆಸರನ್ನೆತ್ತುವ ಅಧಿಕಾರವಿಲ್ಲ.